ಇಲ್ಲದವನ ಮೇಲೆ ಇಷ್ಟೊಂದು ಸಿಟ್ಟು

ದಿನಕ್ಕೆ ಅತಿ ಹೆಚ್ಚು ಸಲ ದೇವರನ್ನು ನೆನೆಯುವವರು ಯಾರು ಅಂತ ನಮ್ಮ ಕಡೆ ಒಂದು ಸ್ಪರ್ಧೆ ಇಟ್ಟರೆ, ಮೊದಲ ಬಹುಮಾನ ನಮ್ಮ ಮಾವನಿಗೇ. ಪಳನಿ ಬೆಟ್ಟದ ಪೂಜಾರಿಗಳೂ ಅವರ ಹತ್ತಿರ ಸುಳಿಯಲಾರರು. ತೊಡಕು ಒಂದೇ. ಮಾವ ನಾಸ್ತಿಕರು!

ಮಾವ ಅಂದರೆ ನನ್ನ ಅಮ್ಮನ ಅಣ್ಣ. ತಮಿಳುನಾಡಿನ ಪೆರಿಯಕುಳಂ ಪಕ್ಕದಲ್ಲಿ ಮಾವಿನ ತೋಟ, ವಯಸ್ಸು ಎಪ್ಪತ್ತರ ಆಚೆ ಈಚೆ. ನಮ್ಮದು ಯಾವ ಕಾಲದಲ್ಲೋ ಇಲ್ಲಿಗೆ ಬಂದು ಬೇಸಾಯ ಹಿಡಿದ ಜನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಾವ ದೇವರನ್ನು ಎರಡರಲ್ಲೂ ಬೈಯುತ್ತಾರೆ. ಯಾವುದಾದರೊಂದು ಅರ್ಥವಾಗಲಿ ಅಂತಿರಬೇಕು!

ಮದುವೆಯಾಗಿ ಮೈಸೂರು ಸೇರಿದ ನಾನು ಪ್ರತಿ ವರ್ಷ ಮಾವಿನ ಕಾಲಕ್ಕೆ ಅಲ್ಲಿಗೆ ಹೋಗುತ್ತೇನೆ. ಹಣ್ಣಿಗಾಗಿ ಅನ್ನುತ್ತೇನೆ. ನಿಜ ಹೇಳಬೇಕೆಂದರೆ, ನನ್ನನ್ನು ಈಗಲೂ ಮುದ್ದಿನಿಂದ 'ಕಣ್ಣು' ಅಂತ ಕರೆಯುವ ಮಾವನಿಗಾಗಿ.

ಒಮ್ಮೆ ಅವರ ಜೊತೆ ತೇನಿಗೆ ಬಸ್ಸಿನಲ್ಲಿ ಹೊರಟಿದ್ದೆ. ದಾರಿಯಲ್ಲಿ ಒಂದು ಮೇಕೆ ಅಡ್ಡ ಬಂತು. ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ಮೇಕೆ ಉಳಿಯಿತು. ಮುಂದಿನ ಸೀಟಿನ ಅಜ್ಜಿ ಕೆನ್ನೆ ಬಡಿದುಕೊಂಡು, "ಸಾಮಿ ಕಾಪಾಡ್ತು" ಅಂದರು. ಅಷ್ಟೇ! ಮಾವ ಎದ್ದು ನಿಂತರು.

"ಏನಮ್ಮಾ, ಬ್ರೇಕ್ ಒತ್ತಿದ್ದು ಸಾಮಿಯ ಕಾಲಾ, ಈ ಮನುಷ್ಯನ ಕಾಲಾ? ಎಲ್ಲರೂ ಡ್ರೈವರಿಗೆ ನಮಸ್ಕಾರ ಹೇಳ್ರಿ!"

ಬಸ್ಸಿಗೆ ಬಸ್ಸೇ ನಮಸ್ಕಾರ ಹೇಳಿತು. ಹೇಳದಿದ್ದರೆ ಬಸ್ಸು ಮುಂದೆ ಹೋಗುವಂತಿರಲಿಲ್ಲ. ಡ್ರೈವರ್ ನಾಚಿ ಕೆಂಪಾದ. ಕನ್ನಡಿಯ ಮೇಲಿದ್ದ ಮುರುಗನ ಪಟಕ್ಕೆ ಕೈಮುಗಿದು, "ನನ್ನದೇನೈತೆ ಅಯ್ಯಾ, ಎಲ್ಲಾ ಅವನ ದಯೆ" ಅಂದುಬಿಟ್ಟ! ತೇನಿ ಬರುವವರೆಗೂ ಮಾವ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು.

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನದು ಇನ್ನೊಂದು ಕಥೆ. ಬೆಳಗಾದರೆ ಯಾರಾದರೊಬ್ಬರು ದೇವರ ಪಟ ಕಳಿಸುತ್ತಾರೆ. ಉಳಿದವರು ಕೈಮುಗಿಯುವ ಚಿತ್ರ ಒತ್ತಿ ಕಾಫಿಗೆ ಎದ್ದು ಹೋಗುತ್ತಾರೆ. ಪಟವನ್ನು ದೊಡ್ಡದು ಮಾಡಿ, ಕಿರೀಟದಿಂದ ಪಾದದವರೆಗೆ ನೋಡಿ, ಕೆಳಗೆ ಬರೆದದ್ದನ್ನೆಲ್ಲ ಓದಿ, ನಾಲ್ಕು ನಿಮಿಷದ ಧ್ವನಿ ಸಂದೇಶದಲ್ಲಿ ಖಂಡಿಸುವವರು ಮಾವ ಒಬ್ಬರೇ. ಇಷ್ಟು ಶ್ರದ್ಧೆಯಿಂದ ದೇವರ ದರ್ಶನ ಮಾಡುವ ಭಕ್ತರು ಎಷ್ಟು ಜನ ಇದ್ದಾರು, ನೀವೇ ಹೇಳಿ!

ಅತ್ತೆ ಭಾರೀ ದೈವಭಕ್ತೆ. ಅವರ ಪೂಜಾ ಕೋಣೆ ಕಟ್ಟಿಸಿಕೊಟ್ಟವರು ಮಾವನೇ. "ನಂಬೋಳು ಅವಳು. ಅವಳ ಮೇಲೆ ನನಗೇನು ಕೋಪ?" ಅನ್ನುತ್ತಾರೆ. ಆದರೆ ಆ ಬಾಗಿಲ ಮುಂದೆ ಹಾದುಹೋಗುವಾಗಲೆಲ್ಲ ಒಳಗೆ ಇಣುಕಿ, "ಏನಪ್ಪಾ, ಇವತ್ತಾದರೂ ಏನಾದರೂ ಕೆಲಸ ಐತಾ?" ಅಂತ ಒಂದು ಮಾತು ಒಗೆಯದೆ ಮುಂದೆ ಹೋಗುವವರಲ್ಲ.

"ನಾನು ಸಾಮೀನ ದಿನಕ್ಕೊಂದು ಸಲ ಕರೀತೀನಿ, ಇವರು ಇಪ್ಪತ್ತು ಸಲ," ಅತ್ತೆ ನಕ್ಕು ನನಗೆ ಹೇಳಿದ್ದರು. "ಸಾಮಿಗೆ ನನ್ನ ಮುಖ ಮರೆತುಹೋಗಿರಬಹುದು. ಇವರದು ಮರೆಯಲ್ಲ."

ಮಾವನಿಗೆ ಕಂಬಂನಲ್ಲಿ ಒಬ್ಬ ಗೆಳೆಯ. ದ್ರಾಕ್ಷಿ ತೋಟದವರು, ಅವರೂ ನಾಸ್ತಿಕರೇ. ಆದರೆ ಎಂಥ ತಣ್ಣನೆಯ ನಾಸ್ತಿಕರು ಅಂತೀರಿ! ಅತ್ತೆ ಕೊಟ್ಟ ಪ್ರಸಾದದ ಪೊಂಗಲ್ ಎರಡು ಸಲ ಹಾಕಿಸಿಕೊಂಡು, ತುಪ್ಪ ಸಾಲದು ಅಂತ ಕೇಳಿ ಹಾಕಿಸಿಕೊಂಡು, ಹಾಯಾಗಿ ಮಲಗಿಬಿಡುತ್ತಾರೆ. ಒಂದು ಸಲ ಅವರೇ ಕೇಳಿದರು: "ಅಲ್ಲಯ್ಯಾ, ಇಲ್ಲ ಅಂದರೆ ಇಲ್ಲ, ಮುಗೀತು. ನಾನೂ ಇಲ್ಲ ಅಂತೀನಿ, ನೀನೂ ಇಲ್ಲ ಅಂತೀಯ. ಇಲ್ಲದವನ ಮೇಲೆ ನಿನಗೆ ಇಷ್ಟೊಂದು ಸಿಟ್ಟು ಯಾಕೆ?"

ಮಾವ ತಟ್ಟೆ ಬಿಟ್ಟು ಎದ್ದು ತೋಟಕ್ಕೆ ಹೋದರು. ಅವರು ವಾದ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಳೆದ ಮಾವಿನ ಕಾಲದಲ್ಲಿ ಆದದ್ದನ್ನು ಈಗ ಹೇಳಬೇಕು.

ಬೆಳಗಿನ ಹತ್ತರ ಹೊತ್ತು. ತೋಟದಲ್ಲಿ ಉದುರಿದ ಕಾಯಿ ಆರಿಸಲು ಆವತ್ತೇ ಮೊದಲ ಸಲ ಬಂದಿದ್ದ, ಬೇರೆ ಊರಿನ ಸೆಲ್ವಿ ಎಂಬ ಹೆಂಗಸು ಕಿಟಾರನೆ ಕಿರುಚಿದಳು. ಓಡಿಹೋಗಿ ನೋಡಿದರೆ ಪಾದದ ಮೇಲೆ ಹಲ್ಲಿನ ಎರಡು ಗುರುತು. ಹಾವು ಆಗಲೇ ಎಲೆಯೊಳಗೆ ಮಾಯವಾಗಿತ್ತು. ಜೊತೆಯ ಹೆಂಗಸರು ಗಾಬರಿಬಿದ್ದು, "ಅಮ್ಮನ ಗುಡಿಗೆ ಕರ್ಕೊಂಡು ಹೋಗೋಣ, ಪೂಸಾರಿ ಮಂತ್ರಿಸಿದ ದಾರ ಕಟ್ತಾರೆ" ಅಂದರು.

"ಯಾವ ಗುಡೀಗೂ ಇಲ್ಲ!" ಮಾವನ ಕೂಗಿಗೆ ಮರದ ಮೇಲಿನ ಹಕ್ಕಿಗಳೂ ಹಾರಿದವು. ಎಪ್ಪತ್ತರ ಆ ಮನುಷ್ಯ ಅವಳನ್ನು ಹೂವಿನ ಹಾಗೆ ಎತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. "ಕಣ್ಣು, ನೀನು ಅವಳ ಕಾಲು ಅಲ್ಲಾಡದ ಹಾಗೆ ಹಿಡ್ಕೋ" ಅಂತ ನನ್ನನ್ನೂ ಹತ್ತಿಸಿಕೊಂಡು ತೇನಿಯ ಆಸ್ಪತ್ರೆಯ ಕಡೆ ಹೊರಟರು.

ದಾರಿಯುದ್ದಕ್ಕೂ ಸೆಲ್ವಿ ನಡುಗುತ್ತಿದ್ದಳು. "ಮುರುಗಾ... ಮುರುಗಾ..." ಅಂತ ಒಂದೇ ಸಮನೆ ಕರೆಯುತ್ತಿದ್ದಳು. ನನಗೆ ಹಾವಿನಷ್ಟೇ ಭಯ ಮಾವನದು! ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಅಂತ ಉಸಿರು ಬಿಗಿಹಿಡಿದೆ. ಬರಬರುತ್ತಾ ಅವಳ ದನಿ ಸಣ್ಣದಾಯಿತು. ಭಯಕ್ಕೆ ಕಣ್ಣು ಮೇಲೆ ಹೋಗುತ್ತಿತ್ತು.

ಆಗ ಮಾವ ರಸ್ತೆಯಿಂದ ಕಣ್ಣು ಕದಲಿಸದೆ ಹೇಳಿದರು: "ಯಾಕವ್ವಾ ನಿಲ್ಲಿಸಿದೆ? ಕರಿ. ಜೋರಾಗಿ ಕರಿ."

ಅವಳಿಂದ ಆಗಲಿಲ್ಲ.

"ಮುರುಗಾ!" ಅಂದರು ಮಾವ.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

"ಹೇಳವ್ವಾ ನನ್ನ ಜೊತೆ. ಮುರುಗಾ!"

"ಮುರುಗಾ..." ಅಂದಳು ಸೆಲ್ವಿ.

ಹೀಗೆ ಒಬ್ಬರು ಕರೆಯುತ್ತಾ, ಇನ್ನೊಬ್ಬರು ಓಗೊಡುತ್ತಾ ತೇನಿಯವರೆಗೆ ಹೋದೆವು. ಅವಳ ಉಸಿರು ಒಂದು ಹದಕ್ಕೆ ಬಂತು, ನಡುಕ ಇಳಿಯಿತು. ಮಾವನ ದನಿ ಒಡೆದುಹೋಗಿತ್ತು. ರಸ್ತೆಬದಿಯ ಜನ ನಮ್ಮನ್ನು ಪಳನಿಗೆ ಹೊರಟ ಭಕ್ತರು ಅಂದುಕೊಂಡಿರಬೇಕು!

ಆಸ್ಪತ್ರೆಯಲ್ಲಿ ತಕ್ಷಣ ಮದ್ದು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು, ಸರಿಯಾದ ಹೊತ್ತಿಗೆ ತಂದಿದ್ದೀರಿ, ಬದುಕಿಕೊಂಡಳು ಅಂದರು. ಸೆಲ್ವಿಯ ಗಂಡ ಓಡಿಬಂದು, ಅವಳನ್ನು ನೋಡಿಕೊಂಡು ಬಂದು, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: "ಜೀಪ್ ಓಡಿಸಿದ ಅಯ್ಯಾ ಯಾವ ಗುಡಿ ಪೂಸಾರಿ? ಎಂಥ ಭಕ್ತಿ ಅಂತ ನನ್ನ ಹೆಂಡತಿ ಹೇಳ್ತಾ ಅವಳೆ!"

ನಾನು ನಗುತ್ತಾ ಬಂದು ಮಾವನಿಗೆ ಹೇಳಿದೆ. ಅವರು ನಗಲಿಲ್ಲ. ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತಿದ್ದರು.

"ನನಗೊಬ್ಬ ತಂಗಿ ಇದ್ದಳು," ಅಂದರು. "ನಿಮ್ಮಮ್ಮ ಆಗ ಹುಟ್ಟಿರಲಿಲ್ಲ. ಕಡಲೆಕಾಯಿ ಹೊಲದಲ್ಲಿ ಹಾವು ಕಚ್ಚಿತು. ಎಲ್ಲರೂ ಸೇರಿ ಗುಡಿಗೆ ಹೊತ್ತುಕೊಂಡು ಹೋದರು. ಸಾಮೀನ ಕರೀರಿ, ಎದ್ದು ಕೂರ್ತಾಳೆ ಅಂದರು. ಆವತ್ತು ಎಲ್ಲರಿಗಿಂತ ಜೋರಾಗಿ ಕರೆದದ್ದು ನಾನೇ ಕಣ್ಣು. ಗಂಟಲು ಹರಿಯೋ ಹಾಗೆ ಕರೆದೆ. ಆಮೇಲೆ ಎಲ್ಲರೂ ಹೇಳಿದರು, ಸಾಮಿಗೆ ಅವಳ ಮೇಲೆ ಆಸೆ, ಕರ್ಕೊಂಡ ಅಂತ."

ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಅವನು ಇಲ್ಲ ಅಂದರೆ ಅವಳಿಗೆ ಯಾರೂ ಕೇಡು ಮಾಡಲಿಲ್ಲ. ಹುಳ ಹೆದರಿಕೊಂಡು ಕಚ್ಚಿತು, ಅಷ್ಟೆ. ಅವನಿದ್ದಾನೆ ಅಂದರೆ, ನಾನು ಅಷ್ಟು ಕರೆದದ್ದನ್ನ ಕೇಳಿಸಿಕೊಂಡೂ ಸುಮ್ಮನೆ ಕೂತಿದ್ದ. ಅದಕ್ಕೇ ಹೇಳೋದು, ಇಲ್ಲ ಅಂತ. ಇರಬಾರದು."

ನಾನು ಅವರನ್ನೇ ನೋಡುತ್ತಾ ಕೂತೆ. ಇಷ್ಟು ವರ್ಷ ನಾವೆಲ್ಲ ನಕ್ಕದ್ದು ಯಾವುದಕ್ಕೆ ಅಂತ ಈಗ ಗೊತ್ತಾಯಿತು. ಅಂಥ ನೋವನ್ನು ಇಟ್ಟುಕೊಂಡು ಮತ್ತೆ ಅದೇ ಹೆಸರನ್ನು ಯಾರದೋ ಜೀವಕ್ಕಾಗಿ ಕೂಗಬೇಕಾದರೆ ಮನುಷ್ಯನಿಗೆ ಎಷ್ಟು ದೊಡ್ಡ ಎದೆ ಬೇಕು!

ಅಷ್ಟರಲ್ಲಿ ನರ್ಸಮ್ಮ ಬಂದು, ನೋಡೋರು ಒಬ್ಬೊಬ್ಬರೇ ಒಳಗೆ ಬನ್ನಿ ಅಂದರು. ಮಾವ ಎದ್ದು ಹೋದರು. ನಾನು ಬಾಗಿಲ ಹತ್ತಿರ ನಿಂತೆ.

ಸೆಲ್ವಿಗೆ ಅರೆ ನಿದ್ದೆ. ಕಣ್ಣು ಮುಚ್ಚಿತ್ತು, ತುಟಿ ಮಾತ್ರ ಅಲ್ಲಾಡುತ್ತಿತ್ತು. "ಸಾಮೀ... ಸಾಮೀ..." ಅಂತ ಕನವರಿಸುತ್ತಿದ್ದಳು.

ಮಾವ ಸ್ಟೂಲ್ ಎಳೆದುಕೊಂಡು ಕೂತು ಅವಳ ಕೈ ಹಿಡಿದುಕೊಂಡರು.

"ಓ," ಅಂದರು. "ಇಲ್ಲೇ ಇದೀನಿ ತಾಯಿ. ಮಲಕ್ಕೋ."