ಸುಗುಣಾ ಒಬ್ಬಳೇ ಹೊರಟದ್ದು

ಸುಗುಣಾ ಮಾಡಿದ ತಪ್ಪು ಒಂದೇ. ಫೋನನ್ನು ಸ್ಪೀಕರಿನಲ್ಲಿಟ್ಟು ಮಾತಾಡಿದಳು, ಅದೂ ಅಡುಗೆಮನೆಯ ಕಿಟಕಿ ತೆರೆದಿಟ್ಟು.

ಫೋನಿನ ಆ ಕಡೆ ಇದ್ದವಳು ರೈಲ್ವೆಯ ನೆರವು ವಿಭಾಗದ ಹುಡುಗಿ. ಗಾಲಿಕುರ್ಚಿಯವರಿಗೆ ಯಾವ ನಿಲ್ದಾಣದಲ್ಲಿ ಯಾವಾಗ ರ‍್ಯಾಂಪ್ ಹಲಗೆ ಹಾಕಿಸಬೇಕೆಂದು ಮೊದಲೇ ಬರೆದುಕೊಳ್ಳುವುದು ಅವಳ ಕೆಲಸ. ಬ್ರಸೆಲ್ಸ್, ಕೊಲೋನ್, ಬಾಸೆಲ್ ಎಲ್ಲ ಬರೆದುಕೊಂಡ ಮೇಲೆ, "ನಿಮ್ಮ ಜೊತೆ ಯಾರು ಬರ್ತಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಯಾರೂ ಇಲ್ಲ. ನಾನೊಬ್ಬಳೇ."

"ಸರಿ. ಇವತ್ತು ಸಂಜೆಯೊಳಗೆ ಇನ್ನೊಮ್ಮೆ ಫೋನ್ ಮಾಡಿ ಖಚಿತಪಡಿಸಿಬಿಡಿ."

ಕಿಟಕಿಯಾಚೆ ಬಟ್ಟೆ ಒಣಹಾಕುತ್ತಿದ್ದ ಮಹಡಿಮನೆಯ ಕಾಮಾಕ್ಷಿಯ ಕೈಯಿಂದ ಗಂಡನ ಪ್ಯಾಂಟು ಜಾರಿ, ಲಂಡನ್ನಿನ ಗ್ರೀನ್‌ಫರ್ಡಿನ ಒದ್ದೆ ಹುಲ್ಲಿನ ಮೇಲೆ ಬಿತ್ತು.

ಸುಗುಣಾಗೆ ಎರಡು ವರ್ಷವಾಗಿದ್ದಾಗ ಪೋಲಿಯೊ ಬಂದಿತ್ತು. ಕುಂದಾಪುರದಲ್ಲಿ ಬಸ್ಸಿಗೋ ರೈಲಿಗೋ ಅವಳನ್ನು ಯಾರಾದರೂ ಅಕ್ಕಿ ಮೂಟೆಯಂತೆ ಎತ್ತಿ ಹಾಕುತ್ತಿದ್ದರು. ಎತ್ತಿದವರು ಇಳಿಯುವ ಕಡೆಯೇ ಅವಳೂ ಇಳಿಯಬೇಕು. ಲಂಡನ್ನಿಗೆ ಬಂದ ಮೇಲೆ ದಿನಾ ತಾನೇ ಬಸ್ಸು ಹತ್ತಿ ಅಕ್ಸ್‌ಬ್ರಿಡ್ಜಿನ ಆಫೀಸಿಗೆ ಹೋಗುತ್ತಿದ್ದಳು ನಿಜ. ಆದರೆ ಆಫೀಸಿಗೆ ಹೋಗುವುದು ಪ್ರಯಾಣವೇ? ಈಗ ಐವತ್ತರ ಹೊಸ್ತಿಲಲ್ಲಿ ಯುರೋಪಿನ ರೈಲು ಪಾಸ್ ತೆಗೆದುಕೊಂಡಿದ್ದಳು. ರೈನ್ ನದಿಯ ಪಕ್ಕದಲ್ಲಿ ಓಡುವ ರೈಲಿನ ಕಿಟಕಿ, ಕಿಟಕಿಯ ಪಕ್ಕ ಸುಗುಣಾ, ಸುಗುಣಾಳ ಪಕ್ಕ ಯಾರೂ ಇಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಕಾಮಾಕ್ಷಿ ಕ್ಲಿಪ್ಪುಗಳನ್ನು ಸೆರಗಿನಲ್ಲೇ ಇಟ್ಟುಕೊಂಡು ಒಳಗೆ ಬಂದಳು. "ಸುಗುಣಕ್ಕ, ಒಬ್ರೇ ಹೋಗ್ತೀರಾ? ನಾವೆಲ್ಲ ಸತ್ತೋಗಿದೀವಾ?"

"ಛೆ, ಬಿಡ್ತು ಅನ್ನಿ ಕಾಮಾಕ್ಷಿ. ಸುಮ್ನೆ ಒಂದು ವಾರ..."

"ಒಂದು ವಾರ! ರೀ, ಸ್ವಲ್ಪ ಕೆಳಗೆ ಬನ್ನಿ!"

ಮಹಡಿಯಿಂದ ಶಿವಪ್ರಕಾಶ ಲ್ಯಾಪ್‌ಟಾಪ್ ಸಮೇತ ಇಳಿದ. ಐಟಿಯವನು, ನೆಗಡಿ ಬಂದರೂ ಸ್ಲೈಡ್ ಮಾಡುವವನು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ 'ಸುಗುಣಕ್ಕ: ಅಪಾಯಗಳು' ಎಂಬ ಸ್ಲೈಡ್ ಸಿದ್ಧವಾಯಿತು. ಲಿಫ್ಟ್ ಕೆಟ್ಟರೆ ಕೆಂಪು, ರ‍್ಯಾಂಪ್ ಬಾರದಿದ್ದರೆ ಕೆಂಪು, ಸ್ವಿಟ್ಜರ್ಲೆಂಡಿನಲ್ಲಿ ಹಿಮ ಬಿದ್ದರೆ ಇನ್ನೂ ಕೆಂಪು. ಪರದೆ ಕುಂಕುಮದ ಅಂಗಡಿಯಂತೆ ಕಂಡಿತು.

"ಡಿಸೈಡ್ ಆಯ್ತು ಅಕ್ಕ," ಎಂದ ಶಿವಪ್ರಕಾಶ. "ನಾವಿಬ್ರೂ ಬರ್ತೀವಿ. ಥ್ಯಾಂಕ್ಸ್ ಎಲ್ಲ ಬೇಡ."

ಸುಗುಣಾ ಥ್ಯಾಂಕ್ಸ್ ಹೇಳಿರಲಿಲ್ಲ.

ಅವರು ಮೇಲೆ ಹೋಗಿ ಗಂಟೆಯಾಗುವಷ್ಟರಲ್ಲಿ ಸೌತ್‌ಹಾಲಿನಿಂದ ಮಂಜಯ್ಯ ಬಂದ. ಅಲ್ಲಿಯ ಹೋಟೆಲಿನಲ್ಲಿ ಅಡುಗೆ ಮಾಡುವ ಕುಂದಾಪುರದವನು. ಸುಗುಣಾಳನ್ನು ತಂಗಿ ಎಂದೇ ಕರೆಯುವವನು. ಕಾಮಾಕ್ಷಿ ಯಾರಿಗೋ ಹೇಳಿ, ಆ ಯಾರೋ ಇನ್ಯಾರಿಗೋ ಹೇಳಿ, ಸುದ್ದಿ ಅವನ ದೋಸೆಕಲ್ಲಿನವರೆಗೂ ಹೋಗಿತ್ತು.

"ಎಂತ ಮಾರಾಯ್ತಿ, ಒಬ್ಳೇ ಹೋತ್ಯಾ? ಊಟಕ್ಕೆ ಎಂತ ಮಾಡ್ತೆ? ಬ್ರೆಡ್ ತಿಂದ್ಕಂಡ್ ಬದ್ಕೂಕ್ ಆತ್ತಾ? ನಾನೂ ಬತ್ತೆ. ಕುಕ್ಕರ್ ಇತ್ತ್, ಕುಚ್ಚಲಕ್ಕಿ ಇತ್ತ್."

"ರೈಲಲ್ಲಿ ಕುಕ್ಕರ್ ಇಡೂಕೆ ಬಿಡ್ತ್ರಾ, ಅಣ್ಣ?"

"ಕೇಳಿರೆ ತಾನೆ ಬಿಡುದು, ಬಿಡದ್ದು?" ಎಂದು ಮಂಜಯ್ಯ ಹೊರಟೇಹೋದ.

ಸುಗುಣಾ ತಲೆಯ ಮೇಲೆ ಕೈಯಿಟ್ಟು ಕೂತಳು. ಬೇಡ ಎಂದು ಮುಖದ ಮೇಲೆ ಹೇಳುವುದು ಹೇಗೆ? ಜ್ವರ ಬಂದಾಗ ಗಂಜಿ ತಂದವರು ಇವರೇ. ಆಗ ಅವಳಿಗೆ ವಂದನಾರ್ಪಣೆಯ ನೆನಪಾಯಿತು.

ಐದು ವರ್ಷದ ಹಿಂದೆ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಮುನ್ನೂರು ಜನರ ಅಡುಗೆ ಮಾಡಿದವನು ಮಂಜಯ್ಯ. ಕೊನೆಯಲ್ಲಿ ವಂದನಾರ್ಪಣೆ ಮಾಡಿದವನು ಶಿವಪ್ರಕಾಶ. ಸಭಾಂಗಣದ ಬೀಗ ತೆಗೆದವರಿಂದ ಹಿಡಿದು ಮೈಕಿಗೆ ಬ್ಯಾಟರಿ ತಂದವರವರೆಗೆ ಎಲ್ಲರನ್ನೂ ನೆನೆದ. ಮಂಜಯ್ಯನ ಹೆಸರು ಮಾತ್ರ ಬಿಟ್ಟುಹೋಯಿತು. ಮರುತಿಂಗಳೇ ಪಶ್ಚಿಮ ಲಂಡನ್ನಿನಲ್ಲಿ ಎರಡನೆಯ ಕನ್ನಡ ಸಂಘ ಹುಟ್ಟಿತು. ಅಂದಿನಿಂದ ಒಬ್ಬ ಹೋದ ಪೂಜೆಗೆ ಇನ್ನೊಬ್ಬ ಹೋಗುವುದಿಲ್ಲ.

ಸುಗುಣಾ ಮೊದಲು ಮಹಡಿಮನೆಗೆ ಫೋನ್ ಮಾಡಿದಳು. "ಕಾಮಾಕ್ಷಿ, ಒಂದು ವಿಷಯ. ಮಂಜಯ್ಯಣ್ಣ ಜೊತೆಗೆ ಬರೋದು ಗಟ್ಟಿಯಾಯ್ತು."

ಆ ಕಡೆ ಗಂಡ ಹೆಂಡತಿಯ ಪಿಸುಮಾತು. ಆಮೇಲೆ, "ಇವರಿಗೆ ಆಫೀಸಲ್ಲಿ ರಜ ಸಿಗೋದು ಡೌಟು ಅಕ್ಕ."

ಮಂಜಯ್ಯ ಕೆಲಸದ ಹೊತ್ತಿನಲ್ಲಿ ಫೋನ್ ಎತ್ತುವುದಿಲ್ಲ. ಹಾಗಾಗಿ ಬಸ್ಸಿನಲ್ಲಿ ಸೌತ್‌ಹಾಲಿಗೇ ಹೋಗಬೇಕಾಯಿತು. ಬ್ರಾಡ್‌ವೇ ಬೀದಿಯಲ್ಲಿ ಶನಿವಾರದ ಜನ. ಜಿಲೇಬಿಗೆ ನಿಂತವರ ನಡುವೆ, ಸೀರೆ ಅಂಗಡಿಯ ಗೊಂಬೆಗಳ ನಡುವೆ ಗಾಲಿಕುರ್ಚಿ ತೂರಿಸಿಕೊಂಡು, ಒಬ್ಬ ಅಜ್ಜಿಯ ಕೊತ್ತಂಬರಿ ಕಟ್ಟನ್ನು ಚಕ್ರಕ್ಕೆ ಸಿಕ್ಕಿಸಿಕೊಂಡು, ಅಜ್ಜಿಯಿಂದ ಪಂಜಾಬಿಯಲ್ಲಿ ಬೈಸಿಕೊಂಡು, ಕೊನೆಗೆ ಹೋಟೆಲಿನ ಹಿಂಬಾಗಿಲಿಗೆ ಮುಟ್ಟಿದಳು.

"ಅಣ್ಣ, ಶಿವಪ್ರಕಾಶರೂ ಬತ್ರಂಬ್ರು," ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವಳ ಕಿವಿಗಳು ಕಾಪಿ ಹೊಡೆದು ಸಿಕ್ಕಿಬಿದ್ದ ಹೆಡ್‌ಮಾಸ್ತರರ ಮಗಳ ಕಿವಿಗಳಂತೆ ಕೆಂಪಾದವು.

ಮಂಜಯ್ಯ ದೋಸೆ ಮಗುಚಿದ. ಅದು ಕರಟಿತ್ತು. "ಅವ್ರ್ ಬಂದ್ರೆ ನಾ ಬಪ್ಪುದಿಲ್ಲ. ನಿಂಗೆ ಚಟ್ನಿಪುಡಿ ಕಟ್ಟಿಕೊಡ್ತೆ."

ವಾಪಸು ಬರುವಾಗ ಬಸ್ಸಿನ ರ‍್ಯಾಂಪ್ ಕೀಂಕೀಂ ಎನ್ನುತ್ತ ಹೊರಬಂದು ಪಾದಚಾರಿಗಳೆಲ್ಲ ತಿರುಗಿ ನೋಡಿದರೂ ಸುಗುಣಾಗೆ ಮುಜುಗರವಾಗಲಿಲ್ಲ. ಮನೆಗೆ ಬಂದು ಊಟ ಮುಗಿಸಿ, ಸಂಜೆಯಾಗುವ ಮೊದಲು ಕಿಟಕಿ ಮುಚ್ಚಿ, ನೆರವು ವಿಭಾಗಕ್ಕೆ ಫೋನ್ ಮಾಡಿ, "ಒಬ್ಬಳೇ, ಖಚಿತ," ಎಂದಳು.

ಫೋನ್ ಇಡುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

ತೆರೆದರೆ ಶಿವಪ್ರಕಾಶ ಮತ್ತು ಮಂಜಯ್ಯ, ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿಕೊಂಡು ನಿಂತಿದ್ದಾರೆ. ಹಿಂದೆ ಮೂಗು ಒರೆಸಿಕೊಳ್ಳುತ್ತ ಕಾಮಾಕ್ಷಿ.

"ಅಕ್ಕ, ನನ್ನಿಂದ ನಿಮ್ಮ ಟ್ರಿಪ್ ಹಾಳಾಗಬಾರದು ಅಂತ ಮನಸ್ಸು ತಡೀಲಿಲ್ಲ," ಎಂದ ಶಿವಪ್ರಕಾಶ. "'ನೀವೇ ಹೋಗಿ ಮಂಜಯ್ಯನವರೇ, ನಾನು ಅಡ್ಡ ಬರಲ್ಲ' ಅಂತ ಹೇಳೋಕೆ ಸೌತ್‌ಹಾಲಿಗೆ ಹೋದೆ. ನೋಡಿದ್ರೆ ಇವರು ಅದೇ ಮಾತು ಹೇಳೋಕೆ ಚಪ್ಪಲಿ ಮೆಟ್ಕೊಂಡು ಹೊರಟಿದ್ರು!"

"ಆಗ್ಲೇ ಗೊತ್ತಾಯ್ತ್ ಕಾಣ್," ಎಂದ ಮಂಜಯ್ಯ. "ಇಬ್ರಿಗೂ ಒಂದೊಂದ್ ಸುಳ್ಳ್ ಹೇಳಿ, ನಮ್ಮನ್ನ ಒಂದ್ ಮಾಡ್ದೆ ಅಲ್ದಾ ನೀನು! ಐದು ವರ್ಷದಾಗೆ ಯಾರಿಗೂ ಆಗದ್ದ್!"

ಸುಗುಣಾ ಬಾಯಿ ತೆರೆದಳು. ಹೊಗಳಿಕೆ ಅದನ್ನು ಮುಚ್ಚಿಸಿತು.

"ಎರಡೂ ಸಂಘ ಇವತ್ತಿಂದ ಒಂದು," ಎಂದು ಶಿವಪ್ರಕಾಶ ಘೋಷಿಸಿದ. "ಮೊದಲ ಜಂಟಿ ಕಾರ್ಯಕ್ರಮ ಯುರೋಪ್ ಪ್ರವಾಸ. ವಾಟ್ಸಾಪಲ್ಲಿ ನಲವತ್ತು ಜನ ಆಗಲೇ ಹೆಸರು ಕೊಟ್ಟಿದಾರೆ. ಲಿಫ್ಟ್ ಇರೋ ಕೋಚ್ ಬಸ್ಸು. ನೀವೇ ಅಧ್ಯಕ್ಷರು. ಆ ರೈಲು ಪಾಸ್ ವಾಪಸ್ ಮಾಡಿಬಿಡಿ."

ಸುಗುಣಾಳ ಕಣ್ಣ ಮುಂದೆ ರೈನ್ ನದಿ ಒಮ್ಮೆ ಮಿಂಚಿ ಮರೆಯಾಯಿತು. ಆಗ ಅವಳು ಬೆಳಿಗ್ಗೆಯೇ ಹೇಳಬೇಕಾಗಿದ್ದ ಮಾತನ್ನು ಹೇಳಿದಳು.

"ನನಗೆ ಒಬ್ಬಳೇ ಹೋಗಬೇಕು. ರೈಲಲ್ಲಿ. ನಾನೇ ಹತ್ತಬೇಕು, ನಾನೇ ಇಳೀಬೇಕು. ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ."

ಮೂವರೂ ಮುಖ ಮುಖ ನೋಡಿಕೊಂಡರು. ಕಾಮಾಕ್ಷಿಯ ಕಣ್ಣು ತುಂಬಿತು. ಶಿವಪ್ರಕಾಶ ತಲೆಯಾಡಿಸಿದ.

"ಸರಿ ಅಕ್ಕ. ನೀವು ಹೇಳಿದ್ದು ನ್ಯಾಯ. ರೈಲಲ್ಲಿ ನೀವು ಒಬ್ರೇ. ನಾವು ಯಾರೂ ಹತ್ತಲ್ಲ."

ಸುಗುಣಾಗೆ ಅಳು ಬಂತು. ಎಷ್ಟು ಒಳ್ಳೆಯವರು!

"ನಾವು ಕೋಚಲ್ಲಿ ಹಿಂದಿನ ದಿನವೇ ಹೋಗಿ, ಸ್ಟೇಷನ್ನಲ್ಲಿ ಕಾಯ್ತೀವಿ," ಎಂದು ಅವನು ಮುಂದುವರಿಸಿದ. "ನಿಮ್ಮ ರ‍್ಯಾಂಪ್ ಎಲ್ಲ ಮೊದಲೇ ಬುಕ್ ಆಗಿದೆಯಲ್ಲ? ಯಾವ ಊರು, ಯಾವ ರೈಲು, ಯಾವ ಡಬ್ಬಿ ಅಂತ ಹೇಳಿಬಿಡಿ, ಸಾಕು."

"ಪ್ಲಾಟ್‌ಫಾರಮ್ಮಿಗೇ ಬಿಸಿ ಬಿಸಿ ಅನ್ನ ತಕ್ಕಂಡ್ ಬತ್ತೆ," ಎಂದ ಮಂಜಯ್ಯ.

"ಅಕ್ಕ," ಎಂದು ಕಾಮಾಕ್ಷಿ ಕಣ್ಣೊರೆಸಿಕೊಂಡು ಕೇಳಿದಳು, "ಕೊಲೋನಲ್ಲಿ ನೀವು ಇಳಿಯುವಾಗ ಆರತಿ ಎತ್ತೋಣ ಅಂತಿದೀನಿ. ಅಲ್ಲಿ ಫೈರ್ ಅಲಾರಂ ಹೊಡ್ಕೊಳ್ಳುತ್ತಾ?"

ಸುಗುಣಾ ಆ ಮೂರು ಮುಖಗಳನ್ನೂ ನೋಡಿದಳು. ನಿಟ್ಟುಸಿರು ಬಿಟ್ಟಳು.

"ಬ್ಯಾಟರಿ ದೀಪ ತನ್ನಿ," ಎಂದಳು.