ಅರ್ಧ ಗಂಟೆಯ ಅಂಜಲ್

ಆ ದಿನ ರಾಜೀವರ ಕಣ್ಣು ಮನೆಗೆ ತಂದ ಮೀನಿನ ಮೇಲೆ ಬಿದ್ದದ್ದೇ ತಪ್ಪಾಯಿತು. ಅದೂ ತಿನ್ನುವವರ ಕಣ್ಣಲ್ಲ, ಚಿತ್ರ ಬರೆಯುವವರ ಕಣ್ಣು.

ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಠಸ್ಸೆ ಹೊಡೆದು ನಿವೃತ್ತರಾದ ಮೇಲೆ, ಹೈಸ್ಕೂಲಿನಲ್ಲಿ ಬಿಟ್ಟ ಕುಂಚವನ್ನು ಅವರು ಮತ್ತೆ ಹಿಡಿದಿದ್ದರು. ಒಂದು ತಿಂಗಳಲ್ಲಿ ಆರು ತೆಂಗಿನಮರ ಬರೆದರು. ಆರೂ ಗಾಳಿಗೆ ಮಗುಚಿದ ಕೊಡೆಯ ಹಾಗಿವೆ ಎಂದು ಹೆಂಡತಿ ಜಲಜ ಹೇಳಿದ ಮೇಲೆ ಕೋಡಿ ಊರಿನಲ್ಲಿ ಯಾರಿಗೂ ತೋರಿಸಲಿಲ್ಲ. ಒಬ್ಬರಾದರೂ "ಲಾಯ್ಕಿತ್ತ್" ಅನ್ನಲಿ ಎಂಬ ಆಸೆ ಮಾತ್ರ ಹೋಗಲಿಲ್ಲ.

ಆ ಬೆಳಿಗ್ಗೆ ಜಲಜ, ಮುಂಬೈಯಿಂದ ಬರುವ ಒಡಹುಟ್ಟಿದ ತಮ್ಮ ಕುಷ್ಟನ ಊಟಕ್ಕೆಂದು ದೊಡ್ಡದೊಂದು ಅಂಜಲ್ ಮೀನು ತಂದು ಜಗಲಿಯಲ್ಲಿ ಬಾಳೆಲೆಯ ಮೇಲಿಟ್ಟರು.

"ಹ್ವಾಯ್, ಆಚಿಗ್ ಹೋಯ್ನಿ. ಮೀನ್ ಕೊಯ್ಕ್."

"ಅರ್ಧ ಗಂಟಿ ಕೊಡ್ ಮರಾಯ್ತಿ. ಚಿತ್ರ ಬರ್ಕಂತೆ. ಈ ಹೊಳಪು ಮತ್ತೆ ಸಿಕ್ಕುದಿಲ್ಲೆ."

"ಅರ್ಧ ಗಂಟಿ ಅಂದ್ರೆ ಅರ್ಧ ಗಂಟಿಯೇ! ಕುಷ್ಟ ಬಪ್ಪುದ್ರೊಳ್ಗೆ ಸಾರ್ ಆಯ್ಕ್," ಎಂದು ಜಲಜ ಮಸಾಲೆ ಅರೆಯಲು ಒಳಗೆ ಹೋದರು.

ಕಾಲು ಗಂಟೆಯಲ್ಲಿ ಮೀನಿನ ತಲೆ ಆಯಿತು. ಅಷ್ಟರಲ್ಲಿ ಪಕ್ಕದ ಮನೆಯ ಬಚ್ಚಣ್ಣ ಬಂದರು. ನಲವತ್ತು ವರ್ಷ ಬೋಟು ನಡೆಸಿದವರು.

"ಇದೆಂತ, ಹಾವಾ?"

"ಅಂಜಲ್, ಬಚ್ಚಣ್ಣ."

"ಅಂಜಲಿಗೆ ಹಲ್ಲೇ ಇಲ್ಯಲ್ಲ! ಇಲ್ಕಾಣ್!" ಬಚ್ಚಣ್ಣ ಮೀನನ್ನೆತ್ತಿ, ಬಾಯಿ ಅಗಲಿಸಿ ಹಲ್ಲು ತೋರಿಸಿ, ಮತ್ತೆ ಮಲಗಿಸಿದರು. ಕಾಗದದಲ್ಲಿ ತಲೆ ಎಡಕ್ಕಿತ್ತು, ಬಾಳೆಲೆಯಲ್ಲಿ ಬಲಕ್ಕೆ ಬಂತು. ರಾಜೀವರು ಹಲ್ಲು ಕಚ್ಚಿ ಹೊಸ ಹಾಳೆ ತೆಗೆದರು.

ಅದು ಅರ್ಧ ಆಗುವಾಗ ಎದುರು ಮನೆಯ ಸುಗುಣ ಮೊಬೈಲು ಹಿಡಿದು ಬಂದರು. "ನಾನ್ ಫೋಟೊ ತೆಗ್ದ್ ಕೊಡ್ತೆ, ಅದ್ ಕಂಡ್ ಬರೀನಿ. ಮೀನ್ ಜಲಜಕ್ಕಂಗೆ ಕೊಟ್ಬಿಡಿ, ಪಾಪ."

"ಫೋಟೊ ಕಂಡ್ ಬರೂಕೆ ನಾನೆಂತ ಬ್ಯಾನರ್ ಅಂಗ್ಡಿ ಇಟ್ಟಿದ್ನಾ?"

ಸುಗುಣ ಮುಖ ಊದಿಸಿಕೊಂಡೇ ಫೋಟೊ ತೆಗೆದರು. ಕೇರಿಯ ವಾಟ್ಸಾಪ್ ಗುಂಪಿಗೂ ಹಾಕಿದರು: 'ರಾಜೀವಣ್ಣನ ಜಗಲಿಯಲ್ಲಿ ಅಂಜಲ್.'

ಹತ್ತು ನಿಮಿಷದಲ್ಲಿ ನಾಲ್ಕು ಹೆಂಗಸರು ಚೀಲ ಹಿಡಿದು ಅಂಗಳಕ್ಕೆ ಬಂದರು.

"ಹ್ವಾಯ್, ಕೇಜಿಗೆ ಎಷ್ಟ್?"

"ಮಾರೂಕಲ್ಲ, ಚಿತ್ರ ಬರೂಕೆ!"

"ಬರೀ ಅಂಜಲಾ? ಬಂಗ್ಡಿ ಇಲ್ಯಾ?"

ಅವರಲ್ಲಿ ಬೆಳ್ಳಿ ಎಂಬಾಕೆ ಮೀನಿನ ಕಿವಿರು ಎತ್ತಿ ನೋಡಿ ಮೂಗು ಮುರಿದಳು. "ಕೆಂಪೇ ಇಲ್ಲೆ. ನಿನ್ನಿ ಮೀನ್."

ಒಳಗಿದ್ದ ಜಲಜ ಮಸಾಲೆಯ ಕೈಯಲ್ಲೇ ಹೊರಗೆ ಹಾರಿದರು. "ಬೆಳ್ಗಾತ ತಂದ ಮೀನಿಗೆ ನಿನ್ನಿ ಮೀನ್ ಅಂದದ್ ಯಾರ್?"

ಬೆಳ್ಳಿಯೂ ಬಿಡಲಿಲ್ಲ. ಸುಗುಣ ಬಿಡಿಸಲು ಹೋದರು, ಬಚ್ಚಣ್ಣ ತೀರ್ಪು ಹೇಳಲು ಹೋದರು. ಆ ಗಲಾಟೆಯಲ್ಲಿ ಬೀದಿನಾಯಿಯೊಂದು ಜಗಲಿ ಹತ್ತಿ ಅಂಜಲನ್ನು ಕಚ್ಚಿಕೊಂಡದ್ದು ಬೇರೆ ಯಾರಿಗೂ ಕಾಣಲಿಲ್ಲ. ರಾಜೀವರಿಗೆ ಕಂಡಿತು. ಆದರೆ ಅವರ ಕುಂಚ ಆಗ ಬಾಲದ ಕೊನೆಯ ಗೆರೆಯಲ್ಲಿತ್ತು. ಗೆರೆ ಮುಗಿಸಿ "ಹಚಾ!" ಅನ್ನುವಷ್ಟರಲ್ಲಿ ನಾಯಿ ಬೇಲಿ ದಾಟಿತ್ತು.

ಸರಿಯಾಗಿ ಆಗಲೇ ಕುಷ್ಟನ ರಿಕ್ಷಾ ಬಂದು ನಿಂತಿತು.

"ನಿನ್ ಬಾವ ನಿಂಗ್ ತಂದ ಮೀನ್ ನಾಯಿಗ್ ಕೊಟ್ರ್!" ಜಲಜ ತಮ್ಮನೆದುರು ಅತ್ತೇಬಿಟ್ಟರು.

"ಸುಮ್ನಿರ್ ಅಕ್ಕ. ನಾನೀಗ ಮೀನ್ ತಿಂಬುದಿಲ್ಲೆ. ಯೂರಿಕ್ ಆಸಿಡ್ ಅಂತ ಡಾಕ್ಟ್ರ್ ಬಿಡ್ಸಿರ್," ಎಂದ ಕುಷ್ಟ, ಜಗಲಿಯ ಚಿತ್ರ ನೋಡಿ ನಿಂತೇಬಿಟ್ಟ. "ಬಾವ, ಇದ್ ನೀವ್ ಬರ್ದದ್ದಾ? ಲಾಯ್ಕಿತ್ತ್! ಬಾಯಲ್ ನೀರ್ ಬತ್ತ್!"

ರಾಜೀವರ ಎದೆ ಉಬ್ಬಿತು. ಮೀನಿಗೆ ಅರೆದ ಮಸಾಲೆಗೆ ಜಲಜ ಸೌತೆಕಾಯಿ ಹಾಕಿ ಹುಳಿ ಮಾಡಿ ಊಟಕ್ಕೆ ಬಡಿಸಿದರು. ಕುಷ್ಟ ಆ ಚಿತ್ರವನ್ನು ಅನ್ನದ ಪಾತ್ರೆಗೆ ಒರಗಿಸಿಟ್ಟುಕೊಂಡು, ಅದನ್ನೇ ನೋಡುತ್ತ ಸೌತೆಕಾಯಿ ಹುಳಿಯಲ್ಲಿ ಮೂರು ಸಲ ಅನ್ನ ಹಾಕಿಸಿಕೊಂಡ.

"ಎರಡ್ ತಿಂಗ್ಳ್ ಮೇಲೆ ಇವತ್ತ್ ಹೊಟ್ಟಿ ತುಂಬ ಉಂಡೆ. ಬಾವ, ನಾಳೆ ಬಂಗ್ಡಿ ಬರೀನಿ, ನಾಡಿದ್ದ್ ಸಿಗಡಿ. ನಾನ್ ಒಂದ್ ತಿಂಗ್ಳ್ ಇಲ್ಲೇ ಇರ್ತೆ."

ದಿನಕ್ಕೊಂದು ಮೀನು, ದಿನಕ್ಕೊಂದು ಚಿತ್ರ! ರಾಜೀವರು ಖುಷಿಯಲ್ಲಿ ಹೆಂಡತಿಯ ಹತ್ತಿರ ಸರಿದು ಮೆಲ್ಲಗೆ ಕೇಳಿದರು. "ಹಾಂಗಾರೆ ನಾಳೆ ಬರ್ದ್ ಆದ್ಮೇಲೆ ಬಂಗ್ಡಿ ಹುರಿತ್ಯಾ?"

"ಬಾಯಿ ಕಟ್ಟಿದ ತಮ್ಮನ ಎದ್ರಿಗೆ ಮೀನ್ ತಿಂಬುಕೆ ನಿಮ್ಗೆ ಮನ್ಸಾದ್ರೂ ಹ್ಯಾಂಗ್ ಬತ್ತ್?" ಜಲಜ ಅವರ ಬಟ್ಟಲಿಗೂ ಸೌತೆಕಾಯಿ ಹುಳಿ ಸುರಿದರು. "ಬರ್ದ್ ಆದದ್ದೇ ಸುಗುಣನ ಮನಿಗ್ ಕೊಟ್ಟ್ ಬನ್ನಿ. ಒಂದ್ ತಿಂಗ್ಳ್ ಅವ್ಳ್ ತಿನ್ಲಿ."