ಬ್ಯಾಡ್ರಿ, ನೀವ ತಗೋರಿ

ಮೊದಲ ಸಲ ಕೇಳಿದಾಗಲೇ ಹೂಂ ಅನ್ನುವುದು ನಮ್ಮ ಕಡೆ ಮರ್ಯಾದಸ್ಥರ ಲಕ್ಷಣವಲ್ಲ. ಯಾರದೋ ಮನೆಗೆ ಹೋದಿರಿ ಅನ್ನಿ. ಚಹಾ ಮಾಡಲೇ ಎಂದು ಕೇಳುತ್ತಾರೆ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿದ್ದರೂ ಈಗಷ್ಟೇ ಆಯಿತು ಅನ್ನಬೇಕು. ಅವರು ಮತ್ತೆ ಕೇಳಬೇಕು, ನೀವು ಯಾಕೆ ಸುಮ್ಮನೆ ತ್ರಾಸ ಅನ್ನಬೇಕು. ಅಷ್ಟರಲ್ಲಿ ಒಳಗೆ ಸ್ಟೋವ್ ಹೊತ್ತಿದ ಸದ್ದು ಕೇಳಿ ಎರಡೂ ಕಡೆಯವರಿಗೆ ಸಮಾಧಾನವಾಗುತ್ತದೆ. ನನ್ನ ತಾಯಿ ಅಕ್ಷರಕ್ಕಿಂತ ಮೊದಲು ನನಗೆ ಕಲಿಸಿದ್ದು ಇದನ್ನು. ರಾಯಾಪುರದ ಸೋದರಮಾವನ ಮನೆಯಲ್ಲಿ ಹೋಳಿಗೆಯ ತಟ್ಟೆ ಎದುರಿಗೆ ಬಂದ ಕೂಡಲೇ ಕೈ ಹಾಕಿದ್ದಕ್ಕೆ, ಬಸ್ಸು ಹುಬ್ಬಳ್ಳಿ ಮುಟ್ಟುವತನಕ ನನ್ನ ತೊಡೆ ಚಿವುಟುತ್ತಲೇ ಬಂದಿದ್ದಳು. ಆ ಪಾಠ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಕನ್ಯೆ ನೋಡಲು ಹೋದಾಗ ಹುಡುಗಿ ಒಪ್ಪಿಗೆಯೇ ಎಂದು ಕೇಳಿದವರಿಗೂ ನಾನು ಯಾಕೆ ಅವಸರ, ಇರಲಿ ಬಿಡಿ ಅಂದಿದ್ದೆ. ಹುಡುಗಿಯ ತಂದೆಯೂ ನಮ್ಮ ಕಡೆಯವರೇ. ಮತ್ತೊಮ್ಮೆ ಕೇಳಿದರು, ಹೀಗಾಗಿ ನನಗೊಂದು ಸಂಸಾರವಾಯಿತು.

ಇಂಥ ನಾನು ನಲವತ್ತು ದಾಟಿದ ಮೇಲೆ ಇಂಟರ್ನೆಟ್ಟಿನ ಮಾಯಾಲೋಕದ ಆಟವೊಂದಕ್ಕೆ ಬಿದ್ದೆ. ಕಂಪ್ಯೂಟರು ತಂದದ್ದು ಹತ್ತಿಬೀಜದ ಅಂಗಡಿಗೆಂದು. ಬ್ರಾಡ್‌ಬ್ಯಾಂಡ್ ಆಗ ಊರಿಗೆ ಹೊಸದು. ಆಟದೊಳಗೆ ಕಾಡು, ಕೋಟೆ, ಬೆಂಕಿಯುಗುಳುವ ಮಹಾಸರ್ಪ ಎಲ್ಲ ಇದ್ದವು. ಸರ್ಪ ಒಬ್ಬರಿಂದ ಸಾಯುವಂಥದಲ್ಲ. ಬೇರೆ ಬೇರೆ ಊರಿನ ಎರಡು ಡಜನ್ ಜನ ಒಂದೇ ಹೊತ್ತಿಗೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ದಾಳಿ ಇಡಬೇಕು. ಅಂಥ ಗುಂಪಿಗೆ ಗಿಲ್ಡ್ ಅನ್ನುತ್ತಾರೆ, ದಾಳಿಗೆ ರೇಡ್. ನಮ್ಮದು ರವಿವಾರ ಮಧ್ಯಾಹ್ನದ ರೇಡ್. ಬಾಜೂ ಅಂಗಡಿಯ ಕಾಳಿನ ವ್ಯಾಪಾರಿ ಒಮ್ಮೆ ಫೋನ್ ಮಾಡಿದಾಗ ನನ್ನ ಹೆಂಡತಿ ಅವರು ರೇಡಿನಲ್ಲಿದ್ದಾರೆ ಎಂದುಬಿಟ್ಟಳು. ಆ ಪುಣ್ಯಾತ್ಮ ತೆರಿಗೆಯವರ ರೇಡೆಂದು ತಿಳಿದು ಶಿರಗುಪ್ಪಿಯ ತಂಗಿಯ ಮನೆಗೆ ಹೋಗಿ ಕೂತವನು ಸೋಮವಾರ ಅಂಗಡಿಯನ್ನೇ ತೆಗೆಯಲಿಲ್ಲ.

ಗಿಲ್ಡಿನ ಮುಖ್ಯಸ್ಥೆ ಪುಣೆಯ ಮೇಧಾ ಎಂಬ ಕಾಲೇಜು ಹುಡುಗಿ. ಅವಳು ಹಿಂದಿಯಲ್ಲಿ ಒಂದು ಆಜ್ಞೆ ಕೊಟ್ಟರೆ ನಾನು ನನ್ನ ಮನೆಯ ಕುರ್ಚಿಯಲ್ಲೇ ನೆಟ್ಟಗಾಗುತ್ತಿದ್ದೆ. ಯಾರನ್ನೂ ಹೊಡೆಯುವ ಧೈರ್ಯ ನನಗೆ ಆಟದಲ್ಲೂ ಇಲ್ಲದ್ದರಿಂದ ನಾನು ಗಾಯ ಮಾಯಿಸುವ ಮಂತ್ರಗಾರನಾಗಿದ್ದೆ. ಹಿಂದೆ ನಿಂತು, ಪೆಟ್ಟು ತಿಂದವರ ಮೇಲೆ ಮಂತ್ರ ಹಾಕುವ ಕೆಲಸ. ಒಂದು ರವಿವಾರ ಇದೇ ಕೆಲಸಕ್ಕೆ ಇನ್ನೊಬ್ಬರು ಹೊಸದಾಗಿ ಸೇರಿದರು. ಸರ್ಪದ ಬೆಂಕಿ ತಾಗಿದ ಕೂಡಲೇ ಅವರು 'ಯವ್ವಾ, ಸುಟ್ಕೊಂಡೆ' ಅಂದರು. ಅಷ್ಟೂರಿನ ಹಿಂದಿ ಇಂಗ್ಲಿಷಿನ ನಡುವೆ ಆ ಒಂದು ಮಾತು ಕಿವಿಗೆ ಬಿದ್ದಾಗ ನನಗೆ ನಾಚಿಕೆಯಾಗುವಷ್ಟು ಸಂತೋಷವಾಯಿತು. ಅವರು ಸತ್ತೂರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಈರಣ್ಣ. ಅಂದಿನಿಂದ ರೇಡಿನ ನಡುವೆ ಉಳಿದವರು ನೀರು ಕುಡಿಯಲು ಎದ್ದಾಗ ನಾವಿಬ್ಬರು ಕೋಟೆಯ ಮೆಟ್ಟಿಲ ಮೇಲೆ ಕೂತು ಮಳೆ, ಜೋಳದ ದರ, ಯಾರ ಬೀಗರು ಯಾರು ಎಂದು ಮಾತಾಡುತ್ತಿದ್ದೆವು. ಈರಣ್ಣ ಚೂಡಾ ತಿನ್ನುತ್ತಿದ್ದರೆ ಅದರ ಕರಕರ ನನ್ನ ಕಿವಿಯಲ್ಲೇ ಕೇಳುತ್ತಿತ್ತು. ಅವರ ಮುಖ ಮಾತ್ರ ನಾನು ನೋಡಿರಲಿಲ್ಲ.

ಕಡೆಗೊಂದು ದಿನ ಸರ್ಪ ಬಿತ್ತು. ಅದರ ಹೊಟ್ಟೆಯಿಂದ ನೀಲಿ ಬೆಳಕಿನ ಮಂತ್ರದಂಡವೊಂದು ಹೊರಬಂತು. ಗಾಯ ಮಾಯಿಸುವವರಿಗೆ ಮಾತ್ರ ಉಪಯೋಗವಾಗುವ ದಂಡ. ಎಷ್ಟೋ ವಾರದಿಂದ, ಅಂಗಡಿಯಲ್ಲಿ ಬೀಜ ತೂಗುವಾಗಲೂ ನನ್ನ ಕಣ್ಣ ಮುಂದೆ ಅದೇ ಇರುತ್ತಿತ್ತು. ಈರಣ್ಣನ ಪಾಡೂ ಬೇರೆಯಿರಲಿಲ್ಲ. ಇಬ್ಬರ ಪರದೆಯ ಮೇಲೂ ಬೇಕು, ಬೇಡ ಎಂಬ ಎರಡು ಗುಂಡಿ ಬಂದವು.

"ಈರಣ್ಣಾರ, ನೀವ ತಗೋರಿ," ಎಂದು ನಾನು ಬೇಡ ಒತ್ತಿದೆ.

"ಏ ಬ್ಯಾಡ್ರಿ, ಹಿರಿಯಾರು ನೀವು, ನೀವ ತಗೋರಿ," ಎಂದು ಅವರೂ ಬೇಡ ಒತ್ತಿದರು.

ಇನ್ನೊಮ್ಮೆ ಕೇಳುತ್ತಾರೆಂದು ಇಬ್ಬರೂ ನಗುತ್ತ ಕಾಯುತ್ತಿರುವಾಗಲೇ ದಂಡ ಮಾಯವಾಯಿತು. ಆಟಕ್ಕೆ ನಮ್ಮ ಕಡೆಯ ರೀತಿ ರಿವಾಜು ಯಾರು ಹೇಳಬೇಕು? ಹೆಡ್‌ಫೋನಿನಲ್ಲಿ ಲಖನೌದ ಒಬ್ಬ ಮೆಲ್ಲಗೆ 'ವಾಹ್' ಅಂದ. ಆಮೇಲೆ ಮೇಧಾ ನಮ್ಮಿಬ್ಬರ ನೀರಿಳಿಸಿದಳು. ಇನ್ನು ಒಂದೇ ಸಲ ಕೇಳುವುದು, ಬೇಡ ಅಂದರೆ ಬೇಡವೇ ಎಂದು ಕಾಯಿದೆ ಮಾಡಿದಳು. ಪ್ರತಿ ರವಿವಾರ ಮೊದಲಿಗೆ ನಮ್ಮನ್ನು ನಿಲ್ಲಿಸಿ, ಬೇಕೇ ಎಂದು ಕೇಳಿ, ಬೇಕು ಎಂದು ಹೇಳಿಸುತ್ತಿದ್ದಳು. ಈರಣ್ಣ ಜಾಣರು, ಬೇಗ ಕಲಿತರು. ನಾನು ಬೇಕು ಅನ್ನುತ್ತಿದ್ದೆ, ಆದರೆ ಯಾರಿಗಾದರೂ ಹೆಚ್ಚು ಅಗತ್ಯವಿದ್ದರೆ ಎಂದು ಬಾಲ ಹಚ್ಚುತ್ತಿದ್ದೆ.

ಮೇಧಾಳ ಓದು ಮುಗಿಯಿತು, ಉಳಿದವರು ಬೇರೆ ಆಟಗಳ ಕಡೆ ಸರಿದರು, ಗಿಲ್ಡ್ ಮುಚ್ಚಿತು. ಕೊನೆಯ ರವಿವಾರ ಎಲ್ಲರೂ ಕೋಟೆಯಲ್ಲಿ ಸಾಲಾಗಿ ನಿಂತು ಕೈ ಬೀಸಿದೆವು. ಈರಣ್ಣ ಫೋನ್ ನಂಬರ್ ಕೊಟ್ಟು, ಸತ್ತೂರು ಏನು ದೂರ, ಒಮ್ಮೆ ಬನ್ನಿ ಅಂದರು. ಬರೋಣಂತ ಅಂದೆ. ಆಮೇಲಿನ ರವಿವಾರಗಳನ್ನು ಏನು ಮಾಡಬೇಕೆಂದೇ ನನಗೆ ತಿಳಿಯಲಿಲ್ಲ. ಆಟ ತೆರೆದು ಒಬ್ಬನೇ ಆ ಮೆಟ್ಟಿಲ ಮೇಲೆ ಹೋಗಿ ಕೂಡುತ್ತಿದ್ದೆ. ಮಾತಿಗೆ ಯಾರೂ ಇಲ್ಲ. ಧಾರವಾಡಕ್ಕೆ ಹೋಗುವಾಗ ಬಸ್ಸು ಸತ್ತೂರಿನಲ್ಲಿ ನಿಂತರೆ, ಔಷಧಿ ಅಂಗಡಿಗಳೊಳಗೆ ಕೂತವರನ್ನೆಲ್ಲ ಕಿಟಕಿಯಿಂದ ನೋಡಿ, ಇವರಿರಬಹುದೇ, ಅವರಿರಬಹುದೇ ಅಂದುಕೊಳ್ಳುತ್ತಿದ್ದೆ. ಇಳಿಯುತ್ತಿರಲಿಲ್ಲ. ಅವರು ಕರೆದದ್ದು ಒಂದೇ ಸಲವಲ್ಲವೇ? ಇಳಿದು ಮಾತಾಡಿಸಿದರೆ ಅವರೇನು ಹುಲಿಯೇ ಎಂದು ಹೆಂಡತಿ ಹಂಗಿಸುತ್ತಿದ್ದಳು. ಹುಲಿಯಾಗಿದ್ದರೆ ಇಷ್ಟು ನೆನಪಾಗುತ್ತಿರಲಿಲ್ಲ.

ಕೊನೆಗೆ ಒಂದು ರವಿವಾರ ಊಟದ ಹೊತ್ತಿಗಿಂತ ಮೊದಲು ಅವಳೇ ನಂಬರ್ ಒತ್ತಿ ಫೋನನ್ನು ನನ್ನ ಕೈಗಿಟ್ಟಳು. ನಾನು ಹಲೋ ಅಂದ ಕೂಡಲೇ ಈರಣ್ಣ ಗುರುತು ಹಿಡಿದರು. ಎದೆ ಹಗುರಾಯಿತು. ಮೇಧಾಳನ್ನು ನೆನೆದೆವು, ಸರ್ಪವನ್ನು ನೆನೆದೆವು, ದಂಡ ಹೋದದ್ದಕ್ಕೆ ಮತ್ತೊಮ್ಮೆ ನಕ್ಕೆವು. ಆಗ ಅವರು ಅಂದರು:

"ಇವತ್ತ ಬಂದಬಿಡ್ರಿ. ಮನ್ಯಾಗ ಎಲ್ಲಾರೂ ಅದಾರ, ಕೂಡೇ ಊಟ ಮಾಡೋಣು."

ನನ್ನ ಕಾಲು ಆಗಲೇ ಚಪ್ಪಲಿಗೆ ತಡಕಾಡುತ್ತಿತ್ತು. ಬಾಯಿ ಮಾತ್ರ ತನ್ನ ಕೆಲಸ ತಾನು ಮಾಡಿತು.

"ಇವತ್ತ ಬ್ಯಾಡ್ರಿ, ಯಾಕ ಸುಮ್ಮನ ನಿಮಗ ತ್ರಾಸ."

ನಾನು ಎರಡೂ ಚಪ್ಪಲಿ ಮೆಟ್ಟಿಕೊಂಡು, ಫೋನನ್ನು ಕಿವಿಗೊತ್ತಿ ಕಾಯ್ದೆ. ಅವರ ಉಸಿರು ಕೇಳುತ್ತಿತ್ತು.

"ಆತ್ರಿ ಹಂಗಾದ್ರ," ಅಂದರು ಅವರು, ಬಹಳ ಮೆತ್ತಗೆ. ಮೇಧಾ ಕಲಿಸಿದ್ದನ್ನು ಅವರು ಮರೆತಿರಲಿಲ್ಲ.

ಫೋನ್ ಇಟ್ಟೆ. ಏನಂದರು ಎಂದು ಹೆಂಡತಿ ಕೇಳಿದಳು. ಊಟಕ್ಕೆ ಕರೆದರು, ಬೇಡ ಅಂದೆ ಎಂದೆ. ಅವಳು ನನ್ನ ಮುಖ ನೋಡಿದಳು, ಕಾಲಿನ ಚಪ್ಪಲಿ ನೋಡಿದಳು, ಹಾಗಾದರೆ ಮನೆಯಲ್ಲಾದರೂ ಉಣ್ಣುತ್ತೀರೇನು ಎಂದು ಕೇಳಿದಳು. ಹಸಿವೆಯಲ್ಲಿ ಹೊಟ್ಟೆ ಚುರುಗುಟ್ಟುತ್ತಿದ್ದರೂ ಈಗ ಬೇಡ ಅಂದೆ. ಅಂದು ಅವಳೂ ಮತ್ತೆ ಕೇಳಲಿಲ್ಲ.